ಹಿತ್ತಲ ಗಿಡವನ್ನು ಕಪ್ಪು-ಬಿಳುಪಿನಲ್ಲಿ ಹಿಡಿಯುವುದು ಹೇಗೆ?

ಧಾರವಾಡದ ನಮ್ಮ ಮನೆಯ ಕಂಪೌಂಡಿಗೆ ಒರಗಿದ ದಾಸವಾಳವೇ ನಾನು ತೆಗೆದ ಮೊದಲ ಕಪ್ಪು-ಬಿಳುಪು ಚಿತ್ರ. ಅವ್ವನಿಗೆ ತೋರಿಸಿದೆ. ಆಕೆ ಕನ್ನಡಕ ಏರಿಸಿಕೊಂಡು ನೋಡಿ, ‘ಹೂವ ಎಲ್ಲೈತೋ ಇದರಾಗ?’ ಅಂದಳು. ಖರೆ ಮಾತು. ಕಡುಗೆಂಪು ಹೂವು, ಕಡುಹಸಿರು ಎಲೆ ಎರಡೂ ಒಂದೇ ಬೂದಿ ಬಣ್ಣಕ್ಕಿಳಿದು ಒಂದರೊಳಗೊಂದು ಕರಗಿದ್ದವು.

ಬಣ್ಣ ಹೋದ ಮೇಲೆ ಉಳಿಯುವುದು ಬೆಳಕು, ನೆರಳು, ಗೆರೆ ಮತ್ತು ಮೈಯ ಒರಟು-ನುಣುಪು. ಹುಡುಕಬೇಕಾದ್ದು ಇವನ್ನೇ. ಅದಕ್ಕಾಗಿ ದಾಂಡೇಲಿ ಕಾಡಿಗೆ ಹೋಗಬೇಕಿಲ್ಲ, ಹಿತ್ತಲೇ ವಾಸಿ. ಒಂದೇ ಎಲೆಯನ್ನು ಮುಂಜಾನೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ನೋಡಲು ಸಿಗುವುದು ಅಲ್ಲೇ.

ಮೊದಲು ಕ್ಯಾಮೆರಾ ಒಳಗಿಟ್ಟು ಹತ್ತು ನಿಮಿಷ ಗಿಡಗಳ ನಡುವೆ ಕೂತುಬಿಡಿ. ಕಣ್ಣು ಅರೆಮುಚ್ಚಿ ನೋಡಿದರೆ ಬಣ್ಣ ಮಂಕಾಗಿ, ಯಾವುದು ತಿಳಿ ಯಾವುದು ಗಾಢ ಎಂಬುದು ಎದ್ದು ಕಾಣುತ್ತದೆ. ಹೊಸಬರಿಗೆ ಕೆಸುವಿನ ಎಲೆ ಒಳ್ಳೆಯದು. ಮೇಣದಂಥ ಪದರ ಇರುವುದರಿಂದ ಮಳೆಹನಿ ಅದರ ಮೇಲೆ ಹರಡದೆ ಗುಂಡಗೆ ನಿಲ್ಲುತ್ತದೆ. ಎಲೆಯ ಹಿಂದಿನಿಂದ ಬೆಳಕು ಬರುವಂತೆ ಕೂತರೆ ನರಗಳ ಬಲೆಯೇ ಕಾಣುತ್ತದೆ.

ನನ್ನನ್ನು ಅತಿ ಹೆಚ್ಚು ಹೊತ್ತು ಕೂರಿಸಿದ್ದು ಹೀರೆಬಳ್ಳಿ. ಆಸರೆಗೆಂದು ಅದು ಚಾಚುವ ಎಳೆಯನ್ನು ಹತ್ತಿರದಿಂದ ನೋಡಿ. ತುದಿ ತಂತಿಯನ್ನು ಹಿಡಿದ ಮೇಲೆ ಇಡೀ ಎಳೆ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಆದರೆ ಅರ್ಧ ಒಂದು ದಿಕ್ಕಿಗೆ ಸುತ್ತಿ, ನಡುವೆ ಚಣ ನೆಟ್ಟಗಾಗಿ, ಉಳಿದರ್ಧ ವಿರುದ್ಧ ದಿಕ್ಕಿಗೆ ಸುತ್ತಿರುತ್ತದೆ. ಎರಡೂ ತುದಿ ಬಿಗಿಯಾಗಿರುವಾಗ ಒಂದೇ ದಿಕ್ಕಿಗೆ ಸುತ್ತಿದರೆ ಎಳೆ ತಿರುಚಿಕೊಳ್ಳುತ್ತದೆ, ಅದಕ್ಕೇ ಈ ಉಪಾಯ. ಬಣ್ಣದ ಚಿತ್ರದಲ್ಲಿ ಹಳದಿ ಹೂವು ಕಣ್ಣನ್ನು ತನ್ನತ್ತ ಎಳೆದುಬಿಡುತ್ತದೆ. ಕಪ್ಪು-ಬಿಳುಪಿನಲ್ಲಿ ಆ ನಡುವಿನ ತಿರುವೇ ಚಿತ್ರದ ಜೀವ.

ಇನ್ನು ಬೆಳಕು. ಜುಲೈ-ಆಗಸ್ಟ್‌ನ ಧಾರವಾಡದ ಜಿಟಿಜಿಟಿ ಮಳೆಗೆ ಬೇಸರಪಡುವವರೇ ಹೆಚ್ಚು, ಫೋಟೊಕ್ಕೆ ಮಾತ್ರ ಅದು ವರ. ಮೋಡ ಬೆಳಕನ್ನು ಸೋಸಿ ಹದವಾಗಿ ಹರಡುತ್ತದೆ. ಗೋಡೆಯ ಪಾಚಿ, ಜರಿಗಿಡ, ಬಸಳೆ ಎಲ್ಲಕ್ಕೂ ಅದೇ ಒಪ್ಪುತ್ತದೆ. ಗದಗಿನ ಕಡೆ ಬಿಸಿಲು ಚುರುಕು. ಅಲ್ಲಿನವರು ಬೆಳಿಗ್ಗೆ 8ರ ಒಳಗೆ ಮುಗಿಸುವುದು ಮೇಲು. ತಡವಾದರೆ ಗಿಡದ ಮೇಲೆ ಹಳೆಯ ಬಿಳಿ ಧೋತರ ಅಡ್ಡ ಹಿಡಿಯಿರಿ. ಪಾಪಸುಕಳ್ಳಿಗೆ ಮಾತ್ರ ಓರೆಯಾಗಿ ಬೀಳುವ ಬಿಸಿಲೇ ಬೇಕು, ಮುಳ್ಳಿನ ನೆರಳು ಸಿಗುವುದು ಅದರಿಂದ. ನೆರಳು ತೀರಾ ಕಪ್ಪಾದರೆ ಹಳೆಯ ಲಗ್ನಪತ್ರಿಕೆಯ ಬಿಳಿ ಬದಿಯನ್ನು ಆ ಕಡೆ ಹಿಡಿದರೆ ಸಾಕು. ಸ್ಟೀಲ್ ತಾಟು ಬೇಡ, ಅದು ಬೆಳಕನ್ನು ಚೂರುಚೂರಾಗಿ ಎರಚುತ್ತದೆ.

ಹಿನ್ನೆಲೆಯಲ್ಲಿ ಬಕೆಟ್ಟು, ಪೈಪು ಕಂಡರೆ ಗಿಡದಿಂದ ಎರಡಡಿ ಹಿಂದೆ ಕರಿ ಕಂಬಳಿ ಇಳಿಬಿಡಿ. ಉಣ್ಣೆ ಹೊಳೆಯುವುದಿಲ್ಲ. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ಡೊಣ್ಣಮೆಣಸಿನಕಾಯಿಯನ್ನು ತಗಡಿನ ಲಾಳಿಕೆಯೊಳಗಿಟ್ಟು ತೆಗೆದ ಚಿತ್ರ ಇಂದಿಗೂ ಹೆಸರಾಗಿದೆ. ಲಾಳಿಕೆಯ ಒಳಮೈಯೇ ಹಿನ್ನೆಲೆ, ಬೆಳಕನ್ನು ಕಾಯಿಯ ಸುತ್ತ ಹಾಯಿಸಿದ್ದೂ ಅದೇ. ಅಡುಗೆಮನೆಯ ಸಾಮಾನೇ ಸಾಕಾಯಿತು!

ಮೊಬೈಲಾದರೆ ತೀರಾ ಹತ್ತಿರ ಹೋಗಬೇಡಿ, ಫೋಕಸ್ ಸಿಗುವುದಿಲ್ಲ. ಒಂದು ಗೇಣು ಹಿಂದೆ ಸರಿದು ಜೂಮನ್ನು ‘2ಎಕ್ಸ್’ಗೆ ಇಡಿ. ಮುಖ್ಯ ಜಾಗವನ್ನು ಬೆರಳಿನಿಂದ ಒತ್ತಿ, ಪರದೆಯಲ್ಲಿ ಮೂಡುವ ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಹನಿಯ ಹೊಳಪು ಬೆಳ್ಳಗೆ ಸುಟ್ಟುಹೋದರೆ ಮರಳಿ ಬಾರದು. ಕ್ಯಾಮೆರಾ ಇದ್ದವರು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/8 ಅಥವಾ ಎಫ್/11 ಇಟ್ಟು, ಟ್ರೈಪಾಡ್ ಹಾಕಿ, 2 ಸೆಕೆಂಡಿನ ಟೈಮರ್ ಬಳಸಲಿ. ಪರದೆಯನ್ನು ಕಪ್ಪು-ಬಿಳುಪಿನ ಮೋನೊಕ್ರೋಮ್‌ಗೆ ಇಟ್ಟು, ಫೈಲನ್ನು ರಾ (ಕ್ಯಾಮೆರಾ ಕಂಡದ್ದನ್ನು ತಿದ್ದದೆ ಇಡುವ) ರೂಪದಲ್ಲಿ ಉಳಿಸಿದರೆ ಬಣ್ಣದ ಮಾಹಿತಿ ಕಳೆಯುವುದಿಲ್ಲ. ಗಾಳಿಗೆ ದೇಟು ಅಲುಗುತ್ತಿದ್ದರೆ ಪಕ್ಕಕ್ಕೊಂದು ಕೋಲು ನೆಟ್ಟು ಬಟ್ಟೆ ಕ್ಲಿಪ್ಪಿನಿಂದ ಹಿಡಿಸಿ.

ಆ ಬಣ್ಣದ ಮಾಹಿತಿಯೇ ಕೊನೆಯ ಹಂತಕ್ಕೆ ಬಂಡವಾಳ. ಸ್ನ್ಯಾಪ್‌ಸೀಡ್ ಎಂಬ ಚಿತ್ರ ತಿದ್ದುವ ಆ್ಯಪ್‌ನ ಬ್ಲ್ಯಾಕ್ ಆ್ಯಂಡ್ ವೈಟ್ ವಿಭಾಗದಲ್ಲಿ ಬಣ್ಣದ ಫಿಲ್ಟರುಗಳಿವೆ. ಕೆಂಪು ಆರಿಸಿದರೆ ಕೆಂಪು ಹೂವು ತಿಳಿಯಾಗಿ ಎಲೆ ಕಪ್ಪಾಗುತ್ತದೆ, ಹಸಿರು ಆರಿಸಿದರೆ ಇದು ಅದಲುಬದಲು. ರೀಲಿನ ಕಾಲದಲ್ಲಿ ಲೆನ್ಸಿನ ಮುಂದೆ ಬಣ್ಣದ ಗಾಜು ಹಾಕಿ ಮಾಡುತ್ತಿದ್ದುದೂ ಇದನ್ನೇ. ಕಾಂಟ್ರಾಸ್ಟನ್ನು (ತಿಳಿ-ಗಾಢಗಳ ಅಂತರವನ್ನು) ವಿಪರೀತ ಏರಿಸಿದರೆ ಎಲೆಯ ಮೈಯೆಲ್ಲ ಮರಳು ಎರಚಿದಂತಾಗುತ್ತದೆ, ಕೈ ಬಿಗಿಹಿಡಿಯಿರಿ.

ನನ್ನ ಹಳೆಯ ದಾಸವಾಳದ ಬಣ್ಣದ ಫೈಲು ಮೊಬೈಲಿನಲ್ಲೇ ಇತ್ತು. ಕೆಂಪು ಫಿಲ್ಟರ್ ಹಾಕಿ ಮತ್ತೆ ಅವ್ವನ ಮುಂದೆ ಹಿಡಿದೆ. ಕಪ್ಪು ಎಲೆಗಳ ನಡುವೆ ಹೂವು ಬೆಳ್ಳಗೆ ಅರಳಿ ನಿಂತಿತ್ತು. ‘ಈಗ ಕಾಣ್ತು ನೋಡ,’ ಎಂದು ಬೆರಳಿಟ್ಟು ತೋರಿಸಿದಳು.