ಎಂಜಿನ್ ಕೂರಿಸಿದ ಸೈಕಲ್ಲಿಗೆ 420 ಚೈನು: ನನ್ನ ಅನುಭವ

ನನ್ನ ಸೈಕಲ್ಲಿಗೆ ಪೆಡಲ್ ಬದಿಗೊಂದು, ಎಂಜಿನ್ ಬದಿಗೊಂದು ಚೈನು. ಎಂಜಿನ್ ಬದಿಗೆ ಅಗಲವಾದ 420 ನಂಬರಿನ ಚೈನು ಹಾಕುತ್ತೇನೆಂದಾಗ, ಇಷ್ಟು ಸಣ್ಣ ಎಂಜಿನ್ನಿಗೆ ಅದು ಅತಿಯಾಯಿತು, ಎಂಜಿನ್ನಿನ ಮೈಗೆ ಉಜ್ಜಿ ಹಾಳಾಗುತ್ತದೆ ಎಂದು ಈ ಕೆಲಸ ಬಲ್ಲವರೇ ತಡೆದಿದ್ದರು. ಆ ಚೈನು ಈಗ ಸುಮಾರು ಮೂರು ಸಾವಿರ ಕಿಲೋಮೀಟರ್ ಓಡಿದೆ. 304.8 ಮಿ.ಮೀ. ಇರಬೇಕಾದ 24 ಕೊಂಡಿಗಳ ಉದ್ದ 306ರ ಆಸುಪಾಸಿನಲ್ಲಿದೆ. ಅಂದರೆ ಅದು ಶೇಕಡಾ ಅರ್ಧದಷ್ಟೂ ಹಿಗ್ಗಿಲ್ಲ.

ಎಂಜಿನ್ ಕೂರಿಸುವ ಕಿಟ್ಟಿನ ಜೊತೆ ಬಂದ, ಅದಕ್ಕಿಂತ ಕಿರಿದಾದ 415 ಚೈನು ಕೆಲವು ನೂರು ಕಿಲೋಮೀಟರಿನಲ್ಲೇ ಜೋತುಬಿದ್ದು, ಹಲ್ಲಿನಿಂದ ಜಿಗಿದು, ಚೈನನ್ನು ಬಿಗಿಯಾಗಿಡುವ ಟೆನ್ಷನರನ್ನು ತಿರುಗಿಸಿ ಚಕ್ರದ ಕಡ್ಡಿಗಳೊಳಗೆ ಎಳೆದುಕೊಂಡು ಹೋಯಿತು. ಅದೇ ದರ್ಜೆಯ ಇನ್ನೊಂದು ಚೈನಿನ ಗತಿಯೂ ಅದೇ ಆಯಿತು. ಎರಡು ಚೈನು, ಮುರಿದ ಕಡ್ಡಿಗಳು, ಚಕ್ರದ ಓರೆ ತೆಗೆಸಿದ ಕೂಲಿ, ಹೊಸ ಟೆನ್ಷನರ್ ಎಲ್ಲವನ್ನೂ ಕೂಡಿದರೆ, ಒಳ್ಳೆಯ 420 ಚೈನು ಮತ್ತು ಎರಡು ಸ್ಪ್ರಾಕೆಟ್ಟುಗಳಿಗೆ (ಚೈನು ಕೂರುವ ಹಲ್ಲುಚಕ್ರಗಳಿಗೆ) ಆದದ್ದಕ್ಕಿಂತ ಹೆಚ್ಚೇ ಖರ್ಚಾಗಿತ್ತು.

ಎಂಜಿನ್ನಿನ ಎಳೆತಕ್ಕೆ ಈ ಚೈನುಗಳು ಸೋತದ್ದಲ್ಲ. ಮುಂದಿನ 10 ಹಲ್ಲಿನ ಸ್ಪ್ರಾಕೆಟ್ಟಿನ ತ್ರಿಜ್ಯ ಸುಮಾರು 20.5 ಮಿ.ಮೀ.; ಅಲ್ಲಿಗೆ 10 ನ್ಯೂಟನ್ ಮೀಟರಿನಷ್ಟು ತಿರುಚುಬಲ ಬಂದರೂ ಎಳೆತ 500 ನ್ಯೂಟನ್ನಿನ ಹತ್ತಿರ ನಿಲ್ಲುತ್ತದೆ, ಅದನ್ನು ಯಾವ ಚೈನೂ ತಾಳುತ್ತದೆ. ತಾಳದೆ ಹೋದದ್ದು ಕೊಂಡಿಗಳನ್ನು ಜೋಡಿಸುವ ಮೆತ್ತನೆಯ ಪಿನ್ನು ಮತ್ತು ಅದನ್ನು ಸುತ್ತುವರಿದ ಬುಷ್. ಹಲ್ಲುಗಳು ಹತ್ತೇ ಇರುವಾಗ ಪ್ರತಿ ಹಲ್ಲಿಗೂ ಚೈನಿನ ವೇಗ ಶೇಕಡಾ 5ರಷ್ಟು ಏರಿಳಿಯುತ್ತದೆ. ಚಕ್ರದ ಕಡ್ಡಿಗಳಿಗೆ ರಬ್ಬರಿನ ನಡುವೆ ಒಂಬತ್ತು ಬೋಲ್ಟಿನಿಂದ ಬಿಗಿದ ಹಿಂದಿನ ಸ್ಪ್ರಾಕೆಟ್ ಓಲಾಡುತ್ತಾ ಆ ಕುಲುಕಾಟಕ್ಕೆ ಅಡ್ಡ ಎಳೆತವನ್ನೂ ಸೇರಿಸುತ್ತದೆ.

ಅಗಲವಾದದ್ದೆಲ್ಲ ಗಟ್ಟಿಯೆಂದು ತಿಳಿದು ಕೊಳ್ಳುವವರು 41ನೇ ನಂಬರಿನ ಚೈನಿನ ವಿಷಯದಲ್ಲಿ ಎಚ್ಚರದಿಂದಿರಬೇಕು. ಒಳ ಅಗಲ ಮತ್ತು ರೋಲರಿನ (ಹಲ್ಲಿನ ಸಂದಿಯಲ್ಲಿ ಕೂರುವ ಉರುಳೆಯ) ಅಳತೆಯಲ್ಲಿ ಅದು 420ರಂತೆಯೇ ಇದ್ದು ಹಲ್ಲಿಗೂ ಸರಿಯಾಗಿ ಕೂರುತ್ತದೆ, ಆದರೆ ಕೊಂಡಿಯ ಎರಡು ಬದಿಯ ಪಟ್ಟಿಗಳು ತೆಳು. ಅದು ಮುರಿಯದೆ ತಾಳಬೇಕೆಂದು ನಿಗದಿಯಾದ ಕನಿಷ್ಠ ಎಳೆತ 6.7 ಕಿಲೋನ್ಯೂಟನ್, ಅದೇ ಕೊಂಡಿಯುದ್ದದ 40ನೇ ನಂಬರಿನ ಚೈನಿಗೆ 13.9. ಕುತೂಹಲಕ್ಕೆ ಇನ್ನೂ ಅಗಲವಾದ 428 ಚೈನನ್ನೂ ಹಲ್ಲಿಗೆ ಸುತ್ತಿ ನೋಡಿದೆ. ಪಿಚ್ (ಒಂದು ಪಿನ್ನಿನಿಂದ ಮುಂದಿನದಕ್ಕಿರುವ ಅಂತರ) ಅದೇ ಅರ್ಧ ಇಂಚಾದರೂ ಅದರ ರೋಲರ್ 8.51 ಮಿ.ಮೀ. ಇರುವುದರಿಂದ, 7.77ಕ್ಕೆ ಕಡೆದ ಹಲ್ಲಿನ ಸಂದಿಯಲ್ಲಿ ತಳಕ್ಕೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಹಳೆಯ ಸ್ಪ್ರಾಕೆಟ್ಟುಗಳನ್ನೇ ಉಳಿಸಿಕೊಳ್ಳುವವರಿಗೆ ದಪ್ಪ ಪಟ್ಟಿಯ 415ಎಚ್ ಸಾಕು ಎಂಬುದು ನನ್ನ ಅಭಿಪ್ರಾಯ.

420 ಚೈನನ್ನು 415ರ ಹಲ್ಲಿನ ಮೇಲೆ ಓಡಿಸಬಹುದಾದರೂ ಒಂದೂವರೆ ಮಿ.ಮೀ. ಅತ್ತಿತ್ತ ಸರಿದಾಡುತ್ತದೆ, ಆದ್ದರಿಂದ ಹಲ್ಲುಗಳನ್ನೂ 420ರ ಅಗಲಕ್ಕೆ ಬದಲಾಯಿಸಿದೆ. ಹಿಂದೆ ರಬ್ಬರನ್ನು ಕಿತ್ತು, ಚಕ್ರದ ನಡುವಿನ ಹಬ್ಬನ್ನು ಅಪ್ಪಿ ಹಿಡಿಯುವ ಅಡಾಪ್ಟರಿನ ಮೇಲೆ 44ರ ಬದಲು 36 ಹಲ್ಲಿನದನ್ನು ಕೂರಿಸಿ, ಓಲಾಟ ಅರ್ಧ ಮಿ.ಮೀ. ಒಳಗೆ ಬರುವವರೆಗೂ ಬಿಡಲಿಲ್ಲ. ಎಂಜಿನ್ ನಿಮಿಷಕ್ಕೆ 4500 ಸುತ್ತು ತಿರುಗುವಾಗ ಗಂಟೆಗೆ ಸುಮಾರು 31 ಕಿಲೋಮೀಟರ್ ಇದ್ದ ವೇಗ 38ಕ್ಕೆ ಏರಿತು, ಏರು ದಾರಿಯಲ್ಲಿ ಮಾತ್ರ ಪೆಡಲ್ ತುಳಿದು ನೆರವಾಗಬೇಕು. ಹಿಂದಿನದು ಚಿಕ್ಕದಾದರೆ ಚೈನಿಗೆ ಹೊರೆ ಹೆಚ್ಚುತ್ತದೆಂದು ವಾದಿಸಿದವರಿದ್ದರು. ಆದರೆ ಎಂಜಿನ್ನಿನ ಅದೇ ಬಲಕ್ಕೆ ಚೈನಿನ ಎಳೆತವನ್ನು ನಿರ್ಧರಿಸುವುದು ಮುಂದಿನ ಸ್ಪ್ರಾಕೆಟ್, ಅಲ್ಲಿ ಹಲ್ಲು ಹತ್ತೇ ಇವೆ. ಆ ಮುಂದಿನದನ್ನು ಯಾವುದರಿಂದ, ಹೇಗೆ ಮಾಡಿಸಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎಂಜಿನ್ನಿನ ಮೈಗೆ ಉಜ್ಜುವ ಭಯ ಸುಳ್ಳಲ್ಲ. ಮುಚ್ಚಳದ ಒಳಗೆ ಪಟ್ಟಿಗಳು ಹಾಯುವ ಜಾಗವನ್ನು ಬಣ್ಣ ಬಳಿದು ಗುರುತಿಸಿ, ಅರದಿಂದ ಒಂದು ಮಿ.ಮೀ.ನಷ್ಟು ಸವೆಸಿದ ಮೇಲೆ ಚೈನು ಎಲ್ಲಿಯೂ ತಗಲಲಿಲ್ಲ.

ಟೆನ್ಷನರನ್ನು ಪೂರ್ತಿ ತೆಗೆದುಹಾಕಿದ್ದೇ ನನಗೆ ಹೆಚ್ಚು ಹೆಮ್ಮೆ ತಂದ ಕೆಲಸ. ಚಕ್ರವನ್ನು ಹಿಂದಕ್ಕೆ ಸರಿಸಿ ಒಂದು ಬದಿಯ ಚೈನನ್ನು ಬಿಗಿದರೆ ಇನ್ನೊಂದು ಬದಿಯದು ಹೊಂದುವುದಿಲ್ಲ ಎಂಬ ಕಾರಣಕ್ಕೆ ಎಲ್ಲರೂ ಟೆನ್ಷನರನ್ನು ಸಹಿಸಿಕೊಳ್ಳುತ್ತಾರೆ. ನಾನು ಎಂಜಿನ್ ಬದಿಯ ಚೈನಿಗೆ 12ರಿಂದ 15 ಮಿ.ಮೀ. ಜೋಲು ಬಿಟ್ಟು ಚಕ್ರವನ್ನು ಬಿಗಿದು, ಪೆಡಲ್ ಬದಿಯ ಚೈನಿಗೆ ಒಂದು ಅರ್ಧ ಕೊಂಡಿ ಸೇರಿಸಿ ಎರಡನ್ನೂ ಹೊಂದಿಸಿದೆ. ಅಂದಿನಿಂದ ಚೈನು ಒಮ್ಮೆಯೂ ಹಲ್ಲು ಬಿಟ್ಟಿಲ್ಲ.