ಹಾಸ್ಟೆಲ್ ರೂಮಿನಲ್ಲಿ ಎರಡು ಇಂಟರ್ನೆಟ್ ಲೈನ್ ಸೇರಿಸುವ ಮುನ್ನ

ರೂಮಿನವರೆಲ್ಲ ಸೇರಿ ಎರಡು ಲೈನ್‌ಗಳನ್ನು ಒಂದೇ ರೂಟರ್‌ಗೆ ಹಾಕುವ ಯೋಚನೆ ಇದೆಯಾ? 50 ಎಂಬಿಪಿಎಸ್‌ನ ಎರಡು ಲೈನ್ ಇದ್ದರೂ ಒಂದು ಫೈಲ್ ಸಾಮಾನ್ಯವಾಗಿ 50ರಲ್ಲೇ ಇಳಿಯುತ್ತದೆ. ಡ್ಯುಯಲ್ ವ್ಯಾನ್ ರೂಟರ್ (ಎರಡು ಇಂಟರ್ನೆಟ್ ಲೈನ್ ಹಾಕಬಹುದಾದ ರೂಟರ್) ಮಾಡುವುದು ಲೋಡ್ ಬ್ಯಾಲೆನ್ಸಿಂಗ್, ಅಂದರೆ ಒಬ್ಬರ ವಿಡಿಯೊ ಒಂದು ಲೈನಿಗೆ, ಇನ್ನೊಬ್ಬರ ಡೌನ್‌ಲೋಡ್ ಮತ್ತೊಂದಕ್ಕೆ. ನಾಲ್ಕೈದು ಜನ ಇರುವ ಕಡೆ ಇದೇ ಸಾಕು. ಎರಡನ್ನೂ ನಿಜವಾಗಿ ಒಂದಾಗಿಸುವ ಬಾಂಡಿಂಗ್‌ಗೆ ಇಂಟರ್ನೆಟ್‌ನ ಆ ತುದಿಯಲ್ಲೂ, ಎರಡು ಲೈನ್‌ಗಳ ಡೇಟಾವನ್ನು ಜೋಡಿಸುವ ಒಂದು ಸರ್ವರ್ ಬೇಕು. ವಿದ್ಯಾರ್ಥಿಗಳಿಗೆ ಆ ತಲೆನೋವು ಬೇಡ ಅಂತ ನನ್ನ ಅಭಿಪ್ರಾಯ.

ಹಳೇ ರೂಟರ್ ಓಪನ್‌ಡಬ್ಲ್ಯುಆರ್‌ಟಿಗೆ (ರೂಟರ್‌ಗೆ ಹಾಕುವ ಉಚಿತ ಸಾಫ್ಟ್‌ವೇರ್) ಹೊಂದುವುದಾದರೆ, ಅದರಲ್ಲಿ ಲೈನ್‌ಗಳ ನಡುವೆ ಲೋಡ್ ಹಂಚುವ ಎಂವ್ಯಾನ್3 (mwan3) ಪ್ಯಾಕೇಜ್ ಹಾಕಿ ನೋಡಿ. ಬ್ಯಾಂಕ್ ಸೈಟ್ ಪದೇ ಪದೇ ಲಾಗೌಟ್ ಮಾಡಿದರೆ, ಮಧ್ಯದಲ್ಲಿ ಲೈನ್ ಬದಲಾಗಿ, ಸೈಟ್‌ಗೆ ಕಾಣುವ ನಿಮ್ಮ ಐಪಿ ವಿಳಾಸವೂ ಬದಲಾಗುತ್ತಿರಬಹುದು. ಎಚ್‌ಟಿಟಿಪಿಎಸ್‌ಗೆ (ಸುರಕ್ಷಿತ ಸೈಟ್‌ಗಳ ಸಂಪರ್ಕ) ಸ್ಟಿಕಿ ಆಯ್ಕೆ ಆನ್ ಮಾಡಿ, ಆಗ ಸಂಪರ್ಕ ಸ್ವಲ್ಪ ಹೊತ್ತು ಒಂದೇ ಲೈನಿನಲ್ಲಿ ಉಳಿಯುತ್ತದೆ. ಎರಡು ಮೋಡೆಮ್‌ಗಳೂ 192.168.1.1 ವಿಳಾಸದಲ್ಲೇ ಇದ್ದರೆ ರೂಟರ್ ಗೊಂದಲಕ್ಕೆ ಬೀಳುತ್ತದೆ, ಒಂದನ್ನು 192.168.2.1 ಮಾಡಿ. ರೂಟರ್‌ನ ಒಳಗಿನ ನೆಟ್‌ವರ್ಕ್ ಇವೆರಡರಿಂದಲೂ ಬೇರೆ ಇರಲಿ.

ಗೋಡೆಯ ಎರಡು ಪೋರ್ಟ್‌ಗಳೂ ಹಾಸ್ಟೆಲ್‌ನ ಒಂದೇ ಲೈನಿನಿಂದ ಬಂದಿದ್ದರೆ ಸೇರಿಸಿಯೂ ಹೆಚ್ಚಿನ ಪ್ರಯೋಜನವಿಲ್ಲ. ಫೋನ್ ಹಾಟ್‌ಸ್ಪಾಟನ್ನು ಎರಡನೇ ಲೈನಾಗಿಟ್ಟರೆ ಫೇಲ್‌ಓವರ್‌ಗೆ, ಅಂದರೆ ಮೊದಲ ಲೈನ್ ಕಡಿದಾಗ ಮಾತ್ರ ಬಳಸಿ, ಡೇಟಾ ಉಳಿಯುತ್ತದೆ. ಸ್ವಂತ ರೂಟರ್ ಇಡಬಹುದಾ ಅಂತ ವಾರ್ಡನ್‌ರನ್ನು ಮೊದಲೇ ಕೇಳಿಬಿಡಿ.