ಮೊದಲು ಕೆಲಸ, ಆಮೇಲೆ ಪಿನ್: ಚಿಂಚ್‌ವಾಡದ ನಮ್ಮ ಲಯನ್ಸ್ ಕ್ಲಬ್ ಬೆಳೆದ ಬಗೆ

ಏಳು ವರ್ಷ ನಾನು ಪುಣೆ ಪಕ್ಕದ ಚಿಂಚ್‌ವಾಡದ ನಮ್ಮ ಕ್ಲಬ್ಬಿನಲ್ಲಿ 'ಲಯನ್ ಲೇಡಿ' ಆಗಿದ್ದೆ. ಗಂಡ ಸದಸ್ಯ, ಹೆಂಡತಿ ಲಯನ್ ಲೇಡಿ. ಪದಗ್ರಹಣದ ದಿನ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂರುವುದು, ದೀಪ ಹಚ್ಚುವಾಗ ಮೇಣದಬತ್ತಿ ಹಿಡಿಯುವುದು, ಊಟ ಮಾಡಿ ಮನೆಗೆ ಬರುವುದು. ಲಯನ್ಸ್ ಸಂಸ್ಥೆ ಹೆಂಗಸರಿಗೆ ಸದಸ್ಯತ್ವದ ಬಾಗಿಲು ತೆರೆದಿದ್ದು 1987ರಲ್ಲಿ. ನಮ್ಮಲ್ಲಿ ಆ ಮಾತನ್ನೇ ಯಾರೂ ಎತ್ತಿರಲಿಲ್ಲ. 2016ರಲ್ಲಿ ನಾನೇ ಎತ್ತಿದೆ. ಯಾರೂ ಬೇಡ ಅನ್ನಲಿಲ್ಲ. ಕೇಳುವವರೇ ಇಲ್ಲದೆ ಅಷ್ಟು ವರ್ಷ ಹೋಗಿತ್ತು, ಅಷ್ಟೇ.

ನನ್ನದು ಟ್ಯಾಕ್ಸ್, ಜಿಎಸ್‌ಟಿ ಲೆಕ್ಕ ಬರೆಯುವ ಕೆಲಸ. ಹಾಗಾಗಿ ಮರುವರ್ಷವೇ ಖಜಾಂಚಿ ಮಾಡಿದರು. ರಿಜಿಸ್ಟರ್ ತೆರೆದು ನೋಡಿದಾಗ ನಿಜ ಸ್ಥಿತಿ ಗೊತ್ತಾಯಿತು. ಹೆಸರು 24 ಇದ್ದವು, ಮೀಟಿಂಗಿಗೆ ಬರುವವರು 9 ಜನ. ಇಂಟರ್‌ನ್ಯಾಷನಲ್ ಡ್ಯೂಸ್, ಅಂದರೆ ಅಂತರರಾಷ್ಟ್ರೀಯ ಸಂಸ್ಥೆಗೆ ಕಟ್ಟುವ ಸದಸ್ಯತ್ವ ಶುಲ್ಕ, ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಜನವರಿಯಲ್ಲಿ, ಪಟ್ಟಿಯಲ್ಲಿರುವ ಹೆಸರಿನ ಲೆಕ್ಕದಲ್ಲಿ ಬರುತ್ತದೆ. ಬಾರದ ಹದಿನೈದು ಜನರ ಡ್ಯೂಸ್ ಬರುವ ಒಂಬತ್ತು ಜನರ ತಲೆಯ ಮೇಲೆ ಬೀಳುತ್ತಿತ್ತು. ಸೇವೆಗೆ ಅಂತ ಉಳಿಯುತ್ತಿದ್ದುದು ತೀರ ಕಡಿಮೆ.

2018ರಲ್ಲಿ ಮೆಂಬರ್‌ಶಿಪ್ ಚೇರ್ಮನ್ ಆದೆ. ಆಗ ಒಂದು ದೊಡ್ಡ ತಪ್ಪು ಮಾಡಿದೆ. ಎರಡೇ ತಿಂಗಳಲ್ಲಿ 14 ಜನರನ್ನು ಸೇರಿಸಿದೆ. ಪಕ್ಕದ ಫ್ಲಾಟಿನವರು, ನನ್ನ ಕ್ಲೈಂಟುಗಳು, ಅತ್ತಿಗೆ, ಅತ್ತಿಗೆಯ ತಮ್ಮ. ಎಲ್ಲರಿಗೂ ಸದಸ್ಯತ್ವದ ಪಿನ್ ಹಾಕಿ ಫೋಟೋ ತೆಗೆಸಿದೆವು, ಚಪ್ಪಾಳೆಯೂ ಬಿತ್ತು. ಮುಂದಿನ ಜೂನ್ ಹೊತ್ತಿಗೆ ಅವರಲ್ಲಿ ಹತ್ತು ಜನ ಬಿಟ್ಟುಹೋದರು. ಒಬ್ಬೊಬ್ಬರಿಗೂ ಫೋನ್ ಮಾಡಿ ಯಾಕೆ ಅಂತ ಕೇಳಿದೆ. ಪಕ್ಕದ ಫ್ಲಾಟಿನ ಹುಡುಗಿ ನೇರವಾಗಿ ಹೇಳಿದಳು: "ಅಕ್ಕಾ, ನೀವು ಕರೆದ್ರಿ, ಬಂದೆ. ಬಂದ ಮೇಲೆ ನಾನೇನು ಮಾಡ್ಬೇಕು ಅಂತ ಯಾರೂ ಹೇಳಲೇ ಇಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಲಸವೇ ಇಲ್ಲದ ಕಡೆಗೆ ಜನರನ್ನು ಕರೆದಿದ್ದೆ, ಅಲ್ವಾ?

ಕೆಲಸ ಸಿಕ್ಕಿದ್ದು ಥೇರ್‌ಗಾಂವ್‌ನ ಡಾಂಗೆ ಚೌಕದಲ್ಲಿ. ಅಲ್ಲಿ ಬೆಳಿಗ್ಗೆ ಮಜೂರ್ ಅಡ್ಡಾ ಇರುತ್ತದೆ, ದಿನಗೂಲಿ ಕೆಲಸಕ್ಕೆ ಜನ ಬಂದು ನಿಲ್ಲುವ ಜಾಗ. ಗಾರೆ ಕೆಲಸದವರು ಕರಣಿ ಹಿಡಿದು, ಹೆಂಗಸರು ರೊಟ್ಟಿ ಗಂಟು ಹಿಡಿದು ನಿಂತಿರುತ್ತಾರೆ. ಕಿವಿಗೊಟ್ಟರೆ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಕನ್ನಡ. ವಾಕಡ್, ರಾವೇತ್, ಹಿಂಜವಡಿಯ ಎತ್ತರದ ಕಟ್ಟಡಗಳಲ್ಲಿ ಇವರ ಬೆವರು ಎಷ್ಟಿದೆಯೋ. ನಾನು ಧಾರವಾಡದವಳು. ದಿನಾ ಅದೇ ರಸ್ತೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗುತ್ತಿದ್ದೆ, ಒಂದು ದಿನವೂ ನಿಂತಿರಲಿಲ್ಲ.

ಲಯನ್ಸ್‌ಗೂ ಕಣ್ಣಿನ ಕೆಲಸಕ್ಕೂ ಹಳೆಯ ನಂಟು. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶಕ್ಕೆ ಬಂದು, ಕಣ್ಣಿಲ್ಲದವರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡರು. ಅಂದಿನಿಂದ ಎಷ್ಟೋ ಕ್ಲಬ್ಬುಗಳು ಕಣ್ಣಿನ ತಪಾಸಣೆ ಮಾಡುತ್ತಲೇ ಬಂದಿವೆ. ನಾವೂ ಮಾಡುತ್ತಿದ್ದೆವು. ಭಾನುವಾರ ಹನ್ನೊಂದು ಗಂಟೆಗೆ, ಹಾಲ್‌ನಲ್ಲಿ, ಬ್ಯಾನರ್ ಕಟ್ಟಿ. ಬರುತ್ತಿದ್ದವರು ನಮ್ಮದೇ ಸೊಸೈಟಿಯ ವಾಚ್‌ಮನ್‌ಗಳು, ಅಡುಗೆಯವರು. ಅಡ್ಡಾದವರಿಗೆ ಭಾನುವಾರ ಅಂತ ಒಂದಿಲ್ಲ. ನಿಂತ ದಿನ ಕೂಲಿ, ನಿಲ್ಲದ ದಿನ ಇಲ್ಲ. ಕಾರ್ಖಾನೆ ಕೆಲಸದವರಿಗೆ ಇಲ್ಲಿ ಹೆಚ್ಚಾಗಿ ಗುರುವಾರ ರಜೆ. ಇದೆಲ್ಲ ಗೊತ್ತಿದ್ದೂ ನಮಗೆ ಅನುಕೂಲವಾದ ದಿನವನ್ನೇ ಇಟ್ಟುಕೊಂಡಿದ್ದೆವು.

ಹಾಗಾಗಿ ತಪಾಸಣೆಯ ಟೇಬಲ್ಲನ್ನೇ ಅವರಿದ್ದಲ್ಲಿಗೆ ಒಯ್ದೆವು. ಬೆಳಿಗ್ಗೆ ಅಡ್ಡಾದಲ್ಲಿ, ಅವತ್ತು ಕೆಲಸ ಸಿಗದೆ ಉಳಿದವರಿಗೆ. ಸಂಜೆ ಏಳರ ನಂತರ ಅವರ ಪತ್ರಾ (ತಗಡಿನ) ಶೆಡ್ಡುಗಳ ಹತ್ತಿರ.

ಮೊದಲ ಸಂಜೆಯದು ಈಗಲೂ ಕಣ್ಣ ಮುಂದಿದೆ. ಶೆಡ್ಡಿನ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಅರ್ಧ ಹೊಲಿದ ಕೌದಿಯನ್ನು ಕಾಲ ಮೇಲೆ ಹರಡಿಕೊಂಡು ಕೂತಿದ್ದರು. ನಲವತ್ತೈದರ ಆಸುಪಾಸು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಆಗುವುದೇ. ನಮ್ಮಂಥವರು ಮೊಬೈಲ್ ದೂರ ಹಿಡಿಯಲು ಶುರು ಮಾಡಿದಾಗ ಅಂಗಡಿಗೆ ಹೋಗಿ ಕನ್ನಡಕ ತರುತ್ತೇವೆ. ಓದು ಬರದವರಿಗೆ ತಮ್ಮ ಕಣ್ಣು ಮಸುಕಾಗಿದೆ ಅಂತ ಸೂಜಿ ಹಿಡಿದಾಗಲೇ ಗೊತ್ತಾಗುವುದು. "ಹುಡುಗಿ ಮಕ್ಕೊಳ್ಳೂದ್ರಾಗ ಐದು ಸೂಜಿ ಪೋಣಿಸಿ ಇಡ್ತಾಳ್ರಿ ಅಕ್ಕಾರ. ಅವು ಮುಗಿದ್ವಂದ್ರ ನನ್ನ ಕೆಲ್ಸಾನೂ ಮುಗೀತು" ಅಂದರು. ಕಣ್ಣು ಪರೀಕ್ಷೆ ಮಾಡುವ ಆಪ್ಟೋಮೆಟ್ರಿಸ್ಟ್ ಹುಡುಗಿ ಓದುವ ಕಾರ್ಡನ್ನು ಬದಿಗಿಟ್ಟು ಸೂಜಿ-ದಾರವನ್ನೇ ಅವರ ಕೈಗೆ ಕೊಟ್ಟಳು. ಪ್ಲಸ್ ಒಂದೂವರೆ ಪವರಿನ ಕನ್ನಡಕ ಹಾಕಿದಾಗ ಆಗಲಿಲ್ಲ. ಪ್ಲಸ್ ಎರಡು ಹಾಕಿದಳು. ಅವರು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಹೊಸೆದು, ಒಂದೇ ಸಲಕ್ಕೆ ಏರಿಸಿದರು. ಏನೂ ಮಾತಾಡಲಿಲ್ಲ. ಉಳಿದ ನಾಲ್ಕು ಸೂಜಿಗಳನ್ನೂ ತೆಗೆದು, ಒಂದೊಂದಾಗಿ ಪೋಣಿಸಿ, ಕೌದಿಯ ಅಂಚಿಗೆ ಸಾಲಾಗಿ ಚುಚ್ಚಿಟ್ಟರು. ಆಮೇಲೆ ತಲೆ ಎತ್ತಿ ನಮ್ಮನ್ನು ನೋಡಿದರು.

ರೆಡಿಮೇಡ್ ಕನ್ನಡಕ ಸಗಟಿನಲ್ಲಿ ತಂದರೆ ಹೆಚ್ಚು ಖರ್ಚಿಲ್ಲ. ಆದರೆ ಪರೀಕ್ಷೆ ಮಾಡದೆ ಸುಮ್ನೆ ಹಂಚಬೇಡಿ. ಕಣ್ಣಲ್ಲಿ ಪೊರೆ ಇದ್ದರೆ ಕನ್ನಡಕದಿಂದ ಅದು ವಾಸಿಯಾಗುವುದಿಲ್ಲ, ನಿಜವಾದ ತೊಂದರೆ ಮರೆಯಾಗಿ ಕುಳಿತುಬಿಡುತ್ತದೆ.

ಅಂದು ನಮ್ಮ ಜೊತೆ ಹಿಂಜವಡಿಯ ಐಟಿ ಕಂಪನಿಯೊಂದರ ಹುಡುಗ ಬಂದಿದ್ದ. ಡಾಕ್ಟರರ ಮರಾಠಿಯನ್ನು ಕನ್ನಡಕ್ಕೆ ತಿಳಿಸಿ ಹೇಳಲು ಯಾರಾದರೂ ಬೇಕಿತ್ತು, ಗೆಳೆಯರೊಬ್ಬರು ಕಳಿಸಿದ್ದರು. ಹೊರಡುವಾಗ "ಮುಂದಿನದು ಯಾವಾಗ ಮೇಡಂ?" ಅಂತ ಕೇಳಿದ. ಸದಸ್ಯತ್ವದ ಫಾರ್ಮ್ ನನ್ನ ಬ್ಯಾಗಿನಲ್ಲೇ ಇತ್ತು. ಕೊಡಲಿಲ್ಲ. ತಾರೀಖು ಮಾತ್ರ ಹೇಳಿದೆ. ಅವನು ಮುಂದಿನ ಸಲ ರೂಮಿನ ಇಬ್ಬರನ್ನು ಕರೆದುಕೊಂಡು ಬಂದ. ಅಲ್ಲಿಂದಲೇ ನಮ್ಮ ನಿಯಮ ಹುಟ್ಟಿತು. ಮೂರು ಸಲ ಕೆಲಸಕ್ಕೆ ಬಂದವರಿಗಷ್ಟೇ ಫಾರ್ಮ್.

ಪೊರೆ ಇದ್ದವರನ್ನು ಟ್ರಸ್ಟ್ ಆಸ್ಪತ್ರೆಯೊಂದಕ್ಕೆ ಕರೆದೊಯ್ಯುತ್ತೇವೆ. ಆಪರೇಷನ್ ಅಲ್ಲಿ ಉಚಿತ. ಮೊದಲ ತಂಡದಲ್ಲಿ 18 ಜನರ ಹೆಸರು ಬರೆದಿದ್ದೆವು, ಆಪರೇಷನ್ ಆಗಿದ್ದು 11 ಜನರಿಗೆ. ಮೂವರಿಗೆ ಶುಗರ್ ಜಾಸ್ತಿ ಇತ್ತು, ಮುಂದಕ್ಕೆ ಹಾಕಿದರು. ನಾಲ್ವರು ಬರಲೇ ಇಲ್ಲ. ಹೆದರಿದ್ದಾರೆ ಅಂತ ಅಂದುಕೊಂಡಿದ್ದೆ. ಶೆಡ್ಡಿಗೆ ಹೋಗಿ ವಿಚಾರಿಸಿದರೆ ಕಾರಣ ಬೇರೆಯೇ ಇತ್ತು. ಆಪರೇಷನ್ ಆದ ಮೇಲೆ ಕೆಲವು ವಾರ ಭಾರ ಎತ್ತಬಾರದು, ಧೂಳಿನಲ್ಲಿ ನಿಲ್ಲಬಾರದು. ಸಿಮೆಂಟ್ ಬುಟ್ಟಿ ಹೊರುವವರಿಗೆ ಅಂದರೆ ಅಷ್ಟೂ ವಾರ ಕೂಲಿ ಇಲ್ಲ. ಮನೆಯವರೊಬ್ಬರು ಜೊತೆಗೆ ಬಂದರೆ ಅವರ ಕೂಲಿಯೂ ಹೋಯಿತು. ಆಪರೇಷನ್ ಪುಕ್ಕಟೆ ಇದ್ದರೂ ಅವರಿಗೆ ಅದು ದುಬಾರಿ.

ಅಂದಿನಿಂದ ಆಪರೇಷನ್ ಆದವರ ಮನೆಗೆ ಜೋಳದ ಹಿಟ್ಟು, ಬೇಳೆ, ಎಣ್ಣೆ, ಅಕ್ಕಿ ಕೊಡುತ್ತಿದ್ದೇವೆ. ನಮ್ಮ ಕಣ್ಣಿನ ಯೋಜನೆಯಲ್ಲಿ ದೊಡ್ಡ ಖರ್ಚು ಇದೇ. ಯಾವುದಾದರೂ ಕ್ಲಬ್ಬಿನವರು ಕೇಳಿದರೆ ನಾನು ಮೊದಲು ಹೇಳುವುದೂ ಇದನ್ನೇ. ರೇಷನ್ ಇಲ್ಲದೆ ಕೂಲಿಕಾರರಿಗೆ ಪೊರೆ ಆಪರೇಷನ್ ಮಾಡಿಸಲು ಹೋಗಬೇಡಿ.

ಇನ್ನೊಂದು ಪಾಠ ಭಯದಿಂದಲೇ ಕಲಿತೆವು. ಅಜ್ಜ ಒಬ್ಬರು ಆಪರೇಷನ್ ಆಗಿ ಹತ್ತು ದಿನಕ್ಕೆ ಕಣ್ಣು ಕೆಂಪಾಗಿ ಬಂದರು. ಕಣ್ಣಿಗೆ ಹಾಕುವ ಔಷಧಿ ಬಿಟ್ಟುಬಿಟ್ಟಿದ್ದರು. ಬಾಟಲಿ ಎರಡು, ಒಂದು ದಿನಕ್ಕೆ ಇಷ್ಟು ಸಲ, ಇನ್ನೊಂದು ಅಷ್ಟು ಸಲ. ಚೀಟಿ ಇಂಗ್ಲಿಷಿನಲ್ಲಿ, ಅವರಿಗೆ ಓದು ಬರುವುದಿಲ್ಲ. ತಕ್ಷಣ ಚಿಕಿತ್ಸೆ ಸಿಕ್ಕಿ ಕಣ್ಣು ಉಳಿಯಿತು. ಆದರೆ ಬಿಡುಗಡೆಯ ದಿನ ಹಣ್ಣು ಕೊಟ್ಟು ಕೈ ತೊಳೆದುಕೊಂಡವರು ನಾವೇ ತಾನೆ?

ಆಮೇಲೆ ಬಾಟಲಿಗೆ ಬಣ್ಣದ ಚುಕ್ಕಿ ಅಂಟಿಸಿದೆವು, ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು. ಫೋನ್ ಪಾಳಿ ಶುರು ಮಾಡಿದೆವು. ಒಬ್ಬ ರೋಗಿಗೆ ಒಬ್ಬರು. ಬೆಳಿಗ್ಗೆ, ರಾತ್ರಿ ಎರಡು ನಿಮಿಷದ ಮಾತು. "ಕೆಂಪು ಚುಕ್ಕಿ ಹಾಕಿದ್ರೇನ್ರಿ? ಐದು ನಿಮಿಷ ಬಿಟ್ಟು ಹಸಿರು ಹಾಕ್ರಿ." ಡಾಕ್ಟರ್ ಬರೆದುಕೊಟ್ಟ ಅಷ್ಟೂ ದಿನ, ಒಂದು ದಿನವೂ ತಪ್ಪದ ಹಾಗೆ.

ಈ ಫೋನ್ ಪಾಳಿಯೇ ನಮ್ಮ ಕ್ಲಬ್ಬನ್ನು ಬೆಳೆಸಿತು. ಯಾಕೆ ಅಂದರೆ ಇದಕ್ಕೆ ದುಡ್ಡು ಬೇಡ, ರಜೆ ಬೇಡ. ಕನ್ನಡ ಬಂದರೆ ಸಾಕು. ಪುಣೆಗೆ ಬಂದ ಮೇಲೆ ಕನ್ನಡ ಮಾತಾಡಲು ಮನೆಯವರನ್ನು ಬಿಟ್ಟು ಯಾರೂ ಸಿಗದ ಎಷ್ಟೋ ಜನ ಇದಕ್ಕೆ ಬಂದರು. ಸಾಫ್ಟ್‌ವೇರ್ ಹುಡುಗರು, ನಿವೃತ್ತ ಬ್ಯಾಂಕಿನವರು, ಮಕ್ಕಳು ಶಾಲೆಗೆ ಹೋದ ಮೇಲೆ ಒಂಟಿಯಾಗಿ ಉಳಿಯುವ ಹೆಂಗಸರು. ನಮ್ಮನ್ನು ಬಿಟ್ಟುಹೋಗಿದ್ದ ಆ ಪಕ್ಕದ ಫ್ಲಾಟಿನ ಹುಡುಗಿಯೂ ವಾಪಸ್ ಬಂದಳು. ಈಗ ಪಾಳಿಯ ಪಟ್ಟಿ ಮಾಡುವವಳು ಅವಳೇ.

ಲೆಕ್ಕದ ಬಗ್ಗೆ ಒಂದು ಮಾತು. ಜನರಿಂದ ಸೇವೆಗೆ ಎತ್ತಿದ ಹಣವನ್ನು ಕ್ಲಬ್ ನಡೆಸುವ ಖರ್ಚಿಗೆ ಬಳಸುವಂತಿಲ್ಲ. ಇದು ಲಯನ್ಸ್‌ನ ನಿಯಮ. ಆಡಳಿತಕ್ಕೊಂದು, ಸೇವೆಗೊಂದು ಖಾತೆ ಇರಬೇಕು. ನಾವು ತಿಂಗಳ ಕೊನೆಗೆ ಸೇವಾ ಖಾತೆಯ ಲೆಕ್ಕವನ್ನು ಸದಸ್ಯರಲ್ಲದ ದಾನಿಗಳಿಗೂ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವ ರಸೀದಿ ಬೇಕು ಅನ್ನುವವರಿಗೆ ನೇರವಾಗಿ ಆಸ್ಪತ್ರೆಯ ಟ್ರಸ್ಟ್‌ಗೇ ಕೊಡಲು ಹೇಳುತ್ತೇವೆ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಆ ವಿನಾಯಿತಿ ಇಲ್ಲ ಅಂತಲೂ ಮೊದಲೇ ತಿಳಿಸುತ್ತೇನೆ.

ಮೀಟಿಂಗನ್ನು ರಾತ್ರಿ ಊಟದಿಂದ ಭಾನುವಾರದ ತಿಂಡಿಗೆ ತಂದೆವು. ಶಾಲು, ಹಾರ, ಸನ್ಮಾನ ಬಿಟ್ಟೆವು. ಆ ದುಡ್ಡು ಜೋಳದ ಹಿಟ್ಟಿಗೆ ಹೋಯಿತು. ಇದರಿಂದ ಕೆಲವು ಹಿರಿಯರಿಗೆ ನೋವಾಯಿತು, ಇಬ್ಬರು ಬಿಟ್ಟುಹೋದರು. ಅವರ ಮನೆಗೆ ನಾನು ಮೊದಲೇ ಹೋಗಿ ಮಾತಾಡಬೇಕಿತ್ತು, ಆ ಬೇಸರ ಇನ್ನೂ ಇದೆ. ಇಪ್ಪತ್ತು ವರ್ಷದಿಂದ ಪ್ರತಿ ಶಿಬಿರಕ್ಕೂ ಚಹಾ, ಉಪ್ಪಿಟ್ಟು ಕಳಿಸುತ್ತಿದ್ದ ಕುಂದಾಪುರದ ಹೋಟೆಲಿನವರು ಮಾತ್ರ ಉಳಿದರು. ಈಗ ಬೆಳಿಗ್ಗೆ ಆರೂವರೆಗೆ ಅಡ್ಡಾಕ್ಕೆ ಅವರದೇ ಚಹಾ ಕ್ಯಾನ್ ಮೊದಲು ಬರುತ್ತದೆ.

ಈಗ ಪಟ್ಟಿಯಲ್ಲಿ 43 ಹೆಸರಿವೆ, ಅದರಲ್ಲಿ 19 ಹೆಂಗಸರು. ಒಂದೇ ಮನೆಯ ಎರಡನೆಯವರಿಗೆ ಇಂಟರ್‌ನ್ಯಾಷನಲ್ ಡ್ಯೂಸ್ ಅರ್ಧ ಅಂತ ಒಂದು ಸೌಲಭ್ಯ ಸಿಕ್ಕಿದ್ದು ನಮಗೆ ತುಂಬ ಅನುಕೂಲವಾಯಿತು. ಲಯನ್ ಲೇಡಿ ಅನ್ನುವ ಮಾತು ನಮ್ಮಲ್ಲಿ ಈಗ ಕೇಳುವುದಿಲ್ಲ. ಹೊಸಬರ ಹೆಸರಿಗೆ ಹದಿನೈದು ದಿನದೊಳಗೆ ಒಂದು ಕೆಲಸ ಬರೆದಿರಬೇಕು ಅಂತ ಹಟ ಹಿಡಿದಿದ್ದೇನೆ.

ಈ ವಾರ ಪಾಳಿ ನನ್ನದು. ಸಿಂದಗಿ ಕಡೆಯ ಒಬ್ಬ ಅವ್ವ, ಬಲಗಣ್ಣು, ಇವತ್ತಿಗೆ ಆರನೇ ದಿನ. ಬೆಳಿಗ್ಗೆ ನಾನು ಕೇಳುವ ಮೊದಲೇ "ಕೆಂಪು ಹಾಕೀನಿ, ಹಸಿರು ಹಾಕೀನಿ, ನೀ ನಾಷ್ಟಾ ಮಾಡೀಯೇನು?" ಅಂದರು.